ಮುದ್ದೇನಹಳ್ಳಿಯ ಪಾಲೆಷ್ಟು?

ಕನ್ನಂಬಾಡಿ ಕಟ್ಟೆ ಕಟ್ಟಿದವರು ಯಾರು ಎಂದು ಚಿಕ್ಕಬಳ್ಳಾಪುರದಲ್ಲಿ ಯಾರನ್ನಾದರೂ ಕೇಳಿ ನೋಡಿ. ಉತ್ತರಕ್ಕೆ ಮೊದಲು ಒಂದು ನೋಟ ಬರುತ್ತದೆ, ಇದೂ ಒಂದು ಪ್ರಶ್ನೆಯೇ ಎಂಬಂತೆ. ನಂದಿ ಬೆಟ್ಟದ ತಪ್ಪಲಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿದ, ಈಗ ಅಲ್ಲೇ ಸಮಾಧಿಯೂ ಇರುವ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಬಿಟ್ಟು ಇನ್ನಾರು? ಅದೇ ಪ್ರಶ್ನೆಯನ್ನು ಮೈಸೂರಿಗೆ ಒಯ್ಯಿರಿ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಬರುತ್ತದೆ, ಅದರ ಬೆನ್ನಿಗೇ ಅರಮನೆಯ ಒಡವೆ ಮಾರಿದ ಕಥೆಯೂ ಬರುತ್ತದೆ. ಶ್ರೀರಂಗಪಟ್ಟಣದ ಕಡೆ ಟಿಪ್ಪುವಿನ ಹೆಸರು ಹೇಳುವವರೂ ಉಂಟು. ಅವರ ಮಾತಿಗೆ ಕಲ್ಲಿನ ಸಾಕ್ಷಿಯೇ ಇದೆ. ಇಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟೆಗೆ ಅಡಿಪಾಯ ಹಾಕಿದ್ದಾಗಿ ಸಾರುವ 1794ರ ಪರ್ಷಿಯನ್ ಶಾಸನವೊಂದು ಕಾಮಗಾರಿಯ ಹೊತ್ತಿನಲ್ಲಿ ಸಿಕ್ಕಿತು. ಅದನ್ನು ಕಟ್ಟೆಯ ಪ್ರವೇಶದ ಬಳಿಯೇ ಇಟ್ಟಿದ್ದಾರೆ.

ಮೂರು ಊರು, ಮೂರು ಉತ್ತರ. ಚುನಾವಣೆ ಹತ್ತಿರ ಬಂದಾಗ ಟಿ.ವಿ. ಚರ್ಚೆಯಲ್ಲಿ ಈ ಮೂರೂ ಒಂದರ ಮೇಲೊಂದು ಬೀಳುತ್ತವೆ. ಯಾರೂ ಗೆಲ್ಲುವುದಿಲ್ಲ, ಏಕೆಂದರೆ ಮೂವರೂ ಉತ್ತರಿಸುತ್ತಿರುವುದು ಬೇರೆ ಬೇರೆ ಪ್ರಶ್ನೆಗಳಿಗೆ.

ಇಂಥ ತಕರಾರು ಕಾರುಗಳ ಲೋಕದಲ್ಲಿ ಇನ್ನೂ ಜೋರು. 1969ರ ಅಕ್ಟೋಬರಿನಲ್ಲಿ ಜಪಾನಿನ ನಿಸ್ಸಾನ್ ಕಂಪನಿ ಫೇರ್‌ಲೇಡಿ ಜೆಡ್ ಎಂಬ ಸ್ಪೋರ್ಟ್ಸ್ ಕಾರನ್ನು ಹೊರತಂದಿತು. ಅಮೆರಿಕದಲ್ಲಿ ಅದರ ಹೆಸರು ಡಾಟ್ಸನ್ 240ಜೆಡ್. ಉದ್ದನೆಯ ಮೂತಿ, ಹಿಂದಕ್ಕೆ ಇಳಿಜಾರಾದ ಛಾವಣಿ, ಕೈಗೆಟಕುವ ಬೆಲೆ. ಕಾರು ಗೆದ್ದಿತು, ಗೆದ್ದ ಮೇಲೆ ಜಗಳ ಶುರುವಾಯಿತು. ಬಿ.ಎಂ.ಡಬ್ಲ್ಯು. 507 ಕಾರಿನ ವಿನ್ಯಾಸದಿಂದ ಹೆಸರಾಗಿದ್ದ ಜರ್ಮನ್ ಮೂಲದ ಆಲ್ಬ್ರೆಕ್ಟ್ ಗೋರ್ಟ್ಸ್ 1960ರ ದಶಕದ ಮೊದಲಲ್ಲಿ ನಿಸ್ಸಾನ್‌ಗೆ ಸಲಹೆಗಾರರಾಗಿದ್ದರು. ಜೆಡ್ ಕಾರಿನ ಬೇರು ತಮ್ಮ ಕೆಲಸದಲ್ಲಿದೆ ಎಂದು ಅವರು ಹೇಳಿಕೊಂಡರು. ಹಾಗೇನಿಲ್ಲ, ಅದು ಯೋಶಿಹಿಕೊ ಮತ್ಸುಓ ಅವರ ನೇತೃತ್ವದ ಸ್ಟುಡಿಯೊದ್ದು ಎಂದು ಜಪಾನಿನವರು. ಕೊನೆಗೆ 1980ರಲ್ಲಿ ನಿಸ್ಸಾನ್ ಒಂದು ಪತ್ರ ಕೊಟ್ಟಿತು. ಕಾರು ತನ್ನ ವಿನ್ಯಾಸಗಾರರದೇ, ಆದರೆ ಅವರ ಮೇಲೆ ಗೋರ್ಟ್ಸ್ ಅವರ ಕೆಲಸದ ಪ್ರಭಾವ ಇತ್ತು ಎಂಬುದು ಅದರ ಸಾರ. ವಕೀಲರು ಕೂತು ತೂಗಿ ಬರೆದಂಥ ಕಾಗದ. ಇಬ್ಬರೂ ಅದನ್ನು ತಮಗೆ ಬೇಕಾದಂತೆ ಓದಿಕೊಳ್ಳಬಹುದಿತ್ತು. ಇವರಿಬ್ಬರ ನಡುವೆ, ಅಮೆರಿಕಕ್ಕೆ ಇಂಥದ್ದೇ ಕಾರು ಬೇಕು ಎಂದು ಹಟ ಹಿಡಿದ ಯುಟಾಕ ಕಟಯಾಮ ಒಂದು ಗೆರೆಯನ್ನೂ ಎಳೆದವರಲ್ಲ. ಅವರ ಹಟವಿಲ್ಲದಿದ್ದರೆ ಆ ಕಾರು ಅಲ್ಲಿ ಅಷ್ಟು ದೂರ ಓಡುತ್ತಿರಲಿಲ್ಲ.

ಇಟಲಿಯ ಲ್ಯಾಂಬೋರ್ಗಿನಿ ಮಿಯುರದ್ದೂ ಇದೇ ಪಾಡು. 1966ರ ಜಿನೀವಾ ಪ್ರದರ್ಶನದಲ್ಲಿ ಜನ ಬಾಯಿಬಿಟ್ಟು ನೋಡಿದ ಆ ಮೈಕಟ್ಟು ಮಾರ್ಚೆಲ್ಲೊ ಗಾಂಡಿನಿಯದೋ, ಅವರಿಗಿಂತ ಮುಂಚೆ ಬರ್ತೋನೆ ಸಂಸ್ಥೆಯಲ್ಲಿದ್ದು ಹೊರಟುಹೋದ ಜುಜಾರೊ ಅವರದೋ ಎಂಬ ವಾದ ಗಾಂಡಿನಿ 2024ರಲ್ಲಿ ತೀರಿಕೊಂಡ ಮೇಲೂ ಮುಗಿದಿಲ್ಲ. ಆ ಮೈಕಟ್ಟಿನ ಕೆಳಗಿನ ಚೌಕಟ್ಟು, ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಅಡ್ಡಲಾಗಿ ಕೂರಿಸಿದ ಉಪಾಯ, ಇವು ಡಲ್ಲಾರ, ಸ್ಟಾಂಜಾನಿ ಎಂಬ ಎಳೆಯ ಎಂಜಿನಿಯರುಗಳ ಕೆಲಸ. ಅದರ ಬಗ್ಗೆ ಜಗಳವೇ ಇಲ್ಲ. ಕಣ್ಣಿಗೆ ಕಾಣದ್ದಕ್ಕೆ ಯಾರು ಜಗಳವಾಡುತ್ತಾರೆ?

ಈಗ ಮುದ್ದೇನಹಳ್ಳಿಗೆ ಬರೋಣ. ಸರ್ ಎಂ.ವಿ. ಅವರಿಗೆ ನಾವು ಕೊಟ್ಟ ಹೆಸರು ಹೆಚ್ಚಾಯಿತು ಎಂಬುದು ನನ್ನ ತಕರಾರಲ್ಲ. ಜಮೆ ಆಗುತ್ತಿರುವ ಖಾತೆ ತಪ್ಪಾಗಿದೆ, ಅಷ್ಟೆ. ಹಲವರು ಸೇರಿ ಮಾಡಿದ್ದನ್ನು ಪೂರ್ತಿ ಅವರ ಹೆಸರಿಗೆ ಬರೆದಿದ್ದೇವೆ. ಅವರು ತಾವೇ ಕೂತು ಬುದ್ಧಿ ಓಡಿಸಿ ಮಾಡಿದ್ದನ್ನು ಶಾಲೆಯ ಮಕ್ಕಳಿಗೆ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತೇವೆ.

ಆ ಒಂದು ಸಾಲು ಎಂದರೆ ‘ಸ್ವಯಂಚಾಲಿತ ಬಾಗಿಲು’. ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಲು ಸಾಕು. ಅದು ಹೇಗೆ ಕೆಲಸ ಮಾಡುತ್ತಿತ್ತು ಎಂದು ಕೇಳಿದರೆ ಎಂಜಿನಿಯರಿಂಗ್ ಓದಿದವರೂ ತಡವರಿಸುವುದನ್ನು ಕಂಡಿದ್ದೇನೆ.

ಪುಣೆಗೆ ಕುಡಿಯುವ ನೀರು, ಮುಠಾ ಕಾಲುವೆಗೆ ಬೇಸಾಯದ ನೀರು ಕೊಡುತ್ತಿದ್ದ ಖಡಕ್‌ವಾಸ್ಲಾ ಕೆರೆಯನ್ನು ಬ್ರಿಟಿಷರು ಲೇಕ್ ಫೈಫ್ ಎನ್ನುತ್ತಿದ್ದರು. ಮಳೆಗಾಲದಲ್ಲಿ ಅದು ತುಂಬಿ ಕೋಡಿಯ ಮೇಲೆ ಹಲವು ಅಡಿ ನೀರು ಹರಿದು ಹೋಗುತ್ತಿತ್ತು, ಬೇಸಿಗೆಯಲ್ಲಿ ಸಾಲುತ್ತಿರಲಿಲ್ಲ. ಕಟ್ಟೆಯನ್ನೇ ಎತ್ತರಿಸಬೇಕೆಂದರೆ ಭಾರಿ ಖರ್ಚು. ಕೋಡಿಯನ್ನು ಗಾರೆ ಹಾಕಿ ಎತ್ತರಿಸಿಬಿಟ್ಟರೆ, ಪ್ರವಾಹ ಬಂದ ರಾತ್ರಿ ನೀರು ಕಟ್ಟೆಯನ್ನೇ ಹತ್ತೀತು. ಇದು ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಯ ರೈತರಿಗೆ ಬಿಡಿಸಿ ಹೇಳಬೇಕಾದ ಸಮಸ್ಯೆಯಲ್ಲ. ಹರಿಯುವ ದೊಡ್ಡ ನದಿಯೇ ಇಲ್ಲದ ಈ ಸೀಮೆ ಬದುಕಿದ್ದು ಕೆರೆಗಳಿಂದ. ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್ ಎಲ್ಲ ಹುಟ್ಟುವುದು ಈ ಬೆಟ್ಟಸಾಲಿನಲ್ಲಿ, ಹೊಳೆಯಾಗಿ ಮೈದುಂಬುವ ಹೊತ್ತಿಗೆ ಗಡಿ ದಾಟಿರುತ್ತವೆ. ಹಳೆಯ ಕೆರೆಗಳ ಕೋಡಿಯ ಮೇಲೆ ಸಾಲಾಗಿ ನೆಟ್ಟ ಗಿಡ್ಡ ಕಲ್ಲುಗಳನ್ನು ನೋಡಿರಬಹುದು. ಮಳೆಯ ಜೋರು ಇಳಿದ ಮೇಲೆ ಆ ಕಲ್ಲುಗಳ ನಡುವೆ ಮಣ್ಣು, ಹುಲ್ಲು ತುಂಬಿ ಕೋಡಿಯನ್ನು ತಾತ್ಕಾಲಿಕವಾಗಿ ಎತ್ತರಿಸುವುದು, ಮತ್ತೆ ನೀರು ನುಗ್ಗಿ ಬಂದರೆ ಓಡಿ ಹೋಗಿ ಅದನ್ನು ಕಿತ್ತುಹಾಕುವುದು ಹಿಂದಿನವರ ಉಪಾಯ. ತೂಬು ನೋಡಿಕೊಳ್ಳುವ ನೀರಗಂಟಿಗೆ ಮಳೆಗಾಲದಲ್ಲಿ ನಿದ್ದೆ ಇರುತ್ತಿರಲಿಲ್ಲ. ಬಾಲಕ ವಿಶ್ವೇಶ್ವರಯ್ಯ ಇದನ್ನು ನೋಡಿಯೇ ಮುಂದೆ ಬಾಗಿಲು ಕಂಡುಹಿಡಿದರು ಎಂದು ಕಥೆ ಕಟ್ಟುವ ಆಸೆ ನನಗೂ ಆಗುತ್ತದೆ. ಬೇಡ. ಸಮಸ್ಯೆ ಒಂದೇ ಎಂಬಲ್ಲಿಗೆ ನಿಲ್ಲಿಸುತ್ತೇನೆ.

1903ರಲ್ಲಿ, ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿದ್ದ ಎಂ.ವಿ. ಖಡಕ್‌ವಾಸ್ಲಾದ ಕೋಡಿಗೆ ಕೂರಿಸಿದ್ದು ನೀರಗಂಟಿಯ ಅಗತ್ಯವೇ ಇಲ್ಲದ ಬಾಗಿಲುಗಳನ್ನು. ತತ್ವ ಸರಳ. ಕೋಡಿಯ ಮೇಲಿನ ಕಬ್ಬಿಣದ ಬಾಗಿಲುಗಳಿಗೆ ಸರಿತೂಗುವ ಎದುರು ತೂಕವೊಂದು ಸರಪಳಿಯಲ್ಲಿ ನೇತಾಡುತ್ತದೆ. ಅದು ನೇತಾಡುವುದು ಒಂದು ತೊಟ್ಟಿಯೊಳಗೆ. ಕೆರೆಯ ನೀರು ನಿಗದಿತ ಮಟ್ಟ ಮುಟ್ಟುವವರೆಗೂ ತೊಟ್ಟಿ ಖಾಲಿ, ಬಾಗಿಲು ಭದ್ರ. ಮಟ್ಟ ಮೀರಿತೋ, ನೀರು ತಾನಾಗಿ ತೊಟ್ಟಿಗೆ ಸುರಿಯುತ್ತದೆ. ನೀರಿನಲ್ಲಿ ಮುಳುಗಿದ ತೂಕ ಹಗುರಾಗುತ್ತದೆ, ತಕ್ಕಡಿ ತಪ್ಪಿ ಬಾಗಿಲು ತೆರೆದುಕೊಳ್ಳುತ್ತದೆ. ಪ್ರವಾಹ ಇಳಿದಾಗ ತೊಟ್ಟಿಯ ನೀರು ಬಸಿದು ಹೋಗಿ ಬಾಗಿಲು ಮೊದಲಿನಂತೆ ಮುಚ್ಚುತ್ತದೆ. ವಿದ್ಯುತ್ ಇಲ್ಲ, ಯಂತ್ರವಿಲ್ಲ, ಮಧ್ಯರಾತ್ರಿ ಲಾಟೀನು ಹಿಡಿದು ಓಡುವವರಿಲ್ಲ. ಕಟ್ಟೆಯನ್ನು ಮುಟ್ಟದೆಯೇ ನೀರಿನ ಮಟ್ಟ ಸುಮಾರು 8 ಅಡಿ ಏರಿತು, ಸಂಗ್ರಹ ಹೆಚ್ಚುಕಡಿಮೆ ಕಾಲು ಭಾಗ ಹೆಚ್ಚಿತು. ಈ ವ್ಯವಸ್ಥೆಗೆ ಎಂ.ವಿ. ಹಕ್ಕುಸ್ವಾಮ್ಯ ಪಡೆದರು. ಸರ್ಕಾರಿ ಕೆಲಸದಲ್ಲಿದ್ದಾಗ ಮಾಡಿದ್ದೆಂದು ಅದರ ರಾಯಧನ ಮಾತ್ರ ಮುಟ್ಟಲಿಲ್ಲ. ಗ್ವಾಲಿಯರ್‌ನ ತಿಗ್ರಾ, ಆಮೇಲೆ ಕನ್ನಂಬಾಡಿ, ಹೀಗೆ ಅದು ಬೇರೆ ಕಡೆಗೂ ಹೋಯಿತು.

ಹಾಗಾದರೆ ಸ್ವಯಂಚಾಲಿತ ಬಾಗಿಲಿನ ಜನಕ ಅವರೇ? ಇಲ್ಲೂ ಒಬ್ಬ ಗೋರ್ಟ್ಸ್ ಇದ್ದಾನೆ. ಪುಣೆ ಸೀಮೆಯದೇ ಭಾಟ್‌ಘರ್ ಅಣೆಕಟ್ಟಿನಲ್ಲಿ ಅದಕ್ಕೂ ಮೊದಲೇ ರೈನೋಲ್ಡ್ ಎಂಬ ಎಂಜಿನಿಯರ್ ತಾನಾಗಿ ತೆರೆದು ಮುಚ್ಚುವ ಬಾಗಿಲುಗಳನ್ನು ರೂಪಿಸಿದ್ದರು. ಅಂದಿನ ನೀರಾವರಿ ಕೈಪಿಡಿಗಳಿಗೆ ಅವು ಅಪರಿಚಿತವಲ್ಲ. ಒಂದೇ ಪ್ರಾಂತ್ಯದ ಒಂದೇ ಇಲಾಖೆಯ ಜನ ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡಿರಲಿಲ್ಲ ಎನ್ನಲು ಬಾರದು. ನೀರಿನ ತೂಕದಿಂದಲೇ ಬಾಗಿಲು ತೆರೆಯಬಹುದು ಎಂಬ ಆಲೋಚನೆ ಎಂ.ವಿ. ಅವರೊಬ್ಬರಿಗೇ ಹೊಳೆದದ್ದಲ್ಲ. ಖಡಕ್‌ವಾಸ್ಲಾದ ಜೋಡಣೆ, ಅದರ ಲೆಕ್ಕಾಚಾರ, ಹಳೆಯ ಕೋಡಿಗೆ ಅದನ್ನು ಹೊಂದಿಸಿದ ರೀತಿ ಅವರದು. ನನ್ನ ಪ್ರಕಾರ ವಿನ್ಯಾಸಗಾರರಿಗೆ ಸಲ್ಲಬೇಕಾದದ್ದು ಅಷ್ಟೇ, ಅದು ಕಡಿಮೆಯೂ ಅಲ್ಲ.

1961ರ ಜುಲೈಯಲ್ಲಿ ಮೇಲ್ಗಡೆಯ ಪಾನ್‌ಶೇಟ್ ಕಟ್ಟೆ ಒಡೆದು, ಆ ನೀರಿನ ರಭಸಕ್ಕೆ ಖಡಕ್‌ವಾಸ್ಲಾದ ಹಳೆಯ ಕಟ್ಟೆಯೂ ಒಡೆಯಿತು, ಪುಣೆ ಮುಳುಗಿತು. ಅಂಥ ನೀರಿಗೆ ಯಾವ ಬಾಗಿಲೂ ಸಾಟಿಯಲ್ಲ. ಬೆಂಗಳೂರಿನಲ್ಲಿ ಎಂ.ವಿ. ಆಗ ನೂರರ ಹೊಸ್ತಿಲಲ್ಲಿದ್ದರು.

ಕನ್ನಂಬಾಡಿಯ ಕಥೆ ಶುರುವಾಗುವುದು ಇನ್ನೊಂದು ಊರಿನಿಂದ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಆ ಯೋಜನೆಯನ್ನು ಹೊತ್ತವರು ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಕೆನಡಾ ಮೂಲದ ಸೇನಾ ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೆರ್. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ವಿದ್ಯುತ್ತೂ ಸೊರಗುತ್ತಿತ್ತು, ಗಣಿಯ ಸಾಹೇಬರು ಗೊಣಗುತ್ತಿದ್ದರು. ನದಿಯನ್ನು ಮೇಲ್ಗಡೆ ಎಲ್ಲಾದರೂ ತಡೆದು ವರ್ಷವಿಡೀ ಸಮನಾಗಿ ಬಿಡಬೇಕು ಎಂಬ ಒತ್ತಡ ಹುಟ್ಟಿದ್ದು ಹೀಗೆ. ಕನ್ನಂಬಾಡಿಯ ಬಳಿ ಜಲಾಶಯ ಆಗಬಹುದೆಂಬ ಪ್ರಸ್ತಾವವನ್ನು ಮೈಸೂರಿನ ಎಂಜಿನಿಯರ್ ಕ್ಯಾಪ್ಟನ್ ಡಾವ್ಸ್ ಆಗಲೇ ತಯಾರಿಸಿದ್ದರು. 1909ರ ನವೆಂಬರಿನಲ್ಲಿ ಎಂ.ವಿ. ಮುಖ್ಯ ಎಂಜಿನಿಯರ್ ಆಗಿ ಬಂದಾಗ ಮೇಜಿನ ಮೇಲೆ ಖಾಲಿ ಕಾಗದವೇನೂ ಇರಲಿಲ್ಲ.

ಅವರು ಮಾಡಿದ್ದು ಆ ಯೋಜನೆಯನ್ನು ಹಿಗ್ಗಿಸಿದ್ದು. ಗಣಿಗೆ ವಿದ್ಯುತ್ ಅಷ್ಟೇ ಅಲ್ಲ, ಮಂಡ್ಯದ ಬಯಲಿಗೆ ನೀರು. ಹಣಕಾಸಿನವರು ಒಪ್ಪಲಿಲ್ಲ, ಇಷ್ಟು ವಿದ್ಯುತ್ ಯಾರಿಗೆ ಬೇಕು ಎಂದರು. ಎಂ.ವಿ. ದಿವಾನ್ ಟಿ. ಆನಂದರಾವ್ ಅವರ ಬಳಿಗೆ, ಅಲ್ಲಿಂದ ಮಹಾರಾಜರ ಬಳಿಗೆ ಹೋದರು. 1911ರ ಅಕ್ಟೋಬರ್ 11ರಂದು ನಾಲ್ವಡಿಯವರ ಆದೇಶ ಹೊರಬಿತ್ತು, 81 ಲಕ್ಷ ರೂಪಾಯಿ ಮೀಸಲಾಯಿತು. ಅಂದಿನ ಮೈಸೂರಿಗೆ ಅದು ಎದೆ ನಡುಗಿಸುವ ಮೊತ್ತ. ಎಂಜಿನಿಯರ್ ಎಷ್ಟೇ ಜಾಣನಿರಲಿ, ಆ ರುಜು ಹಾಕುವ ಧೈರ್ಯ ಅವನದಲ್ಲ. ಮೈಸೂರಿನವರು ನಾಲ್ವಡಿಯವರ ಹೆಸರು ಹೇಳುವುದರಲ್ಲಿ ಅಭಿಮಾನ ಮಾತ್ರ ಇಲ್ಲ, ನ್ಯಾಯವೂ ಇದೆ.

ಎಂ.ವಿ. ಅವರ ಕೈ ಎಲ್ಲಿದೆ ಎಂದು ಕಟ್ಟೆಯಲ್ಲೇ ಹುಡುಕಬೇಕೆಂದರೆ, ನೀರಿನ ತಳಕ್ಕೆ ಇಳಿಯಬೇಕು. ಮದರಾಸು ಸರ್ಕಾರ ತಕರಾರು ತೆಗೆದು, ಮೊದಲ ಹಂತದಲ್ಲಿ 80 ಅಡಿಯ ಕಟ್ಟೆಗಷ್ಟೇ ಅನುಮತಿ ಸಿಕ್ಕಿತ್ತು. ಎಂ.ವಿ. ಅಡಿಪಾಯವನ್ನು ಹಾಕಿಸಿದ್ದು 124 ಅಡಿಯ ಕಟ್ಟೆಗೆ ಬೇಕಾದಷ್ಟು ಅಗಲಕ್ಕೆ. ಗುರುತ್ವದಿಂದ ನಿಲ್ಲುವ ಕಲ್ಲಿನ ಕಟ್ಟೆಗೆ ಬುಡದ ಅಗಲವೇ ಜೀವ. ನೀರಿನ ಒತ್ತಡ ಆಳದೊಂದಿಗೆ ಏರುತ್ತ ಹೋಗುವುದರಿಂದ ಎತ್ತರ ಹೆಚ್ಚಿದಷ್ಟೂ ಬುಡ ಅಗಲವಾಗಬೇಕು. ಸಣ್ಣ ಬುಡದ ಮೇಲೆ ಆಮೇಲೆ ಎತ್ತರಿಸುವುದೆಂದರೆ ಹೊಸ ಕಟ್ಟೆ ಕಟ್ಟಿದಷ್ಟೇ ಖರ್ಚು. ಅನುಮತಿ ಸಿಗದೇ ಹೋಗಿದ್ದರೆ ಅಷ್ಟೂ ಕಲ್ಲು, ಅಷ್ಟೂ ಹಣ ನದಿಯ ತಳದಲ್ಲಿ ದಂಡವಾಗುತ್ತಿತ್ತು, ಅವರ ಹೆಸರೂ ಅದರ ಜೊತೆಗೆ. ಮದರಾಸಿಗೆ ಇದು ಗೊತ್ತಾಗಿ ಇನ್ನಷ್ಟು ಕೆರಳಿತು. ಪಂಚಾಯ್ತಿದಾರ ಗ್ರಿಫಿನ್ 1914ರಲ್ಲಿ ಮೈಸೂರಿನ ಪರ ತೀರ್ಪಿತ್ತರೂ ವ್ಯಾಜ್ಯ ಲಂಡನ್ನಿನವರೆಗೆ ಹೋಯಿತು. ಕೊನೆಗೆ ಒಪ್ಪಂದವಾದದ್ದು 1924ರ ಫೆಬ್ರುವರಿ 18ರಂದು. ಕಟ್ಟೆ 124 ಅಡಿಗೆ ಏರಿತು. ಹದಿಮೂರು ವರ್ಷ ಹಿಂದೆ ಹಾಕಿದ ಬುಡ ಅದಕ್ಕೆ ಸಿದ್ಧವಾಗಿ ಕಾಯುತ್ತಿತ್ತು.

ಇದು ವಿನ್ಯಾಸವೋ ಜೂಜೋ? ಎರಡೂ ಎನ್ನುತ್ತೇನೆ. ಇಂದು ಯಾವ ಮುಖ್ಯ ಎಂಜಿನಿಯರ್ ಹೀಗೆ ಮಾಡಿದರೂ ಲೆಕ್ಕಪರಿಶೋಧಕರು ಬಿಡುವುದಿಲ್ಲ.

ಇನ್ನೊಂದು ಕಡೆ, ತಾರೀಖುಗಳನ್ನು ಸುಮ್ಮನೆ ಸಾಲಾಗಿ ಇಟ್ಟು ನೋಡಿ. ಕೆಲಸ ಶುರುವಾದದ್ದು 1911ರ ನವೆಂಬರಿನಲ್ಲಿ. 1912ರಲ್ಲಿ ಎಂ.ವಿ. ದಿವಾನರಾದರು. 1918ರಲ್ಲಿ, ಸರ್ಕಾರಿ ನೌಕರಿಯ ಮೀಸಲಾತಿಯ ಪ್ರಶ್ನೆಯಲ್ಲಿ ಮಹಾರಾಜರೊಂದಿಗೆ ಒಮ್ಮತವಾಗದೆ ಹುದ್ದೆ ಬಿಟ್ಟರು. ಕಟ್ಟೆ ಮುಗಿದದ್ದು 1931ರ ಹೊತ್ತಿಗೆ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ. ಅಂದರೆ ಅರ್ಧಕ್ಕಿಂತ ಹೆಚ್ಚು ಕಾಲ ಅವರು ಅಧಿಕಾರದಲ್ಲೇ ಇರಲಿಲ್ಲ. ಆ ವರ್ಷಗಳಲ್ಲಿ ದಿನವೂ ಬೆಳಗ್ಗೆ ಹೋಗಿ ಗಾರೆಯ ಹದ ನೋಡಿದವರು ಬೇರೆ ಎಂಜಿನಿಯರುಗಳು. ಸಿಮೆಂಟ್ ಆಗ ಹೊರದೇಶದಿಂದ ಬರಬೇಕಿತ್ತು, ಬೆಲೆಯೂ ಹೆಚ್ಚು. ಆದ್ದರಿಂದ ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆ. ಒಂದು ಹಂತದಲ್ಲಿ 10 ಸಾವಿರದಷ್ಟು ಕೂಲಿಗಳು, ಅವರ ಬೆನ್ನಿಗೆ ಮಲೇರಿಯಾ. ಮುಳುಗಿದ ಹಳೆಯ ಕನ್ನಂಬಾಡಿ ಮತ್ತು ಸುತ್ತಲ ಊರುಗಳಿಂದ ಸಾವಿರಾರು ಜನ ಎದ್ದು ಹೋದರು. ಯಾರ ಹೆಸರಿಗೂ ಜಮೆಯಾಗದ ಪಾಲು ಇದು.

ಎಂ.ವಿ. ಅವರ ಹೆಸರೇ ಉಳಿದದ್ದೇಕೆ? ಒಂದು ಕಾರಣ ತೀರ ಸಾದಾ: ಅವರು ಬದುಕಿದ್ದರು. 1861ರಲ್ಲಿ ಹುಟ್ಟಿ 1962ರವರೆಗೆ. ಜೊತೆಗಿದ್ದವರೆಲ್ಲ ಹೋದ ಮೇಲೂ ಇದ್ದು, 1951ರಲ್ಲಿ ವೃತ್ತಿಜೀವನದ ನೆನಪುಗಳನ್ನು ಅಚ್ಚುಕಟ್ಟಾಗಿ ಬರೆದು ಪ್ರಕಟಿಸಿದರು. 1955ರಲ್ಲಿ ಭಾರತ ರತ್ನ ಬಂತು. ಡಾವ್ಸ್ ಪುಸ್ತಕ ಬರೆಯಲಿಲ್ಲ. ಕಟಯಾಮ ಕೂಡ 105 ವರ್ಷ ಬದುಕಿ ಜೆಡ್ ಕಾರಿನ ತಂದೆ ಎನಿಸಿಕೊಂಡದ್ದು ಇಲ್ಲಿ ನೆನಪಾಗುತ್ತದೆ. ಶ್ರೇಯದ ಲೆಕ್ಕದಲ್ಲಿ ಆಯುಸ್ಸಿಗೂ ಬಡ್ಡಿ ಸೇರುತ್ತದೆ.

ಗಣೇಶ್ ಅಯ್ಯರ್ ಅವರ ಹೆಸರು ಕೇಳಿದ್ದೀರಾ? ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ತುಂಬಿದ ವರ್ಷ ಜನ ಬಸ್ಸು ಮಾಡಿಕೊಂಡು ಹೋಗಿ ನೋಡುವ ಸೈಫನ್ ಅವರದು. ಅದರಲ್ಲಿ ಬಾಗಿಲೂ ಇಲ್ಲ, ತೂಕವೂ ಇಲ್ಲ, ಅಲುಗುವ ಒಂದು ಭಾಗವೂ ಇಲ್ಲ. ಮೇಲೇರಿದ ನೀರು ದೊಡ್ಡ ಆಲಿಕೆಯ ಅಂಚು ದಾಟಿ ಸುರುಳಿ ಸುತ್ತುತ್ತ ಇಳಿಯುವಾಗ ಒಳಗಿನ ಗಾಳಿಯನ್ನು ಹೊರತಳ್ಳುತ್ತದೆ, ಸೈಫನ್ ಹಿಡಿಯುತ್ತದೆ, ಕೊಳವೆ ಪೂರ್ತಿ ತುಂಬಿ ಭೋರ್ಗರೆಯುತ್ತದೆ. ಮಟ್ಟ ಇಳಿದಾಗ ಗಾಳಿ ನುಗ್ಗಿ ತಾನೇ ನಿಲ್ಲುತ್ತದೆ. ಖಡಕ್‌ವಾಸ್ಲಾದ ಬಾಗಿಲು ಎತ್ತಿದ ಪ್ರಶ್ನೆಗೇ ಇದು ಇನ್ನೂ ಚೊಕ್ಕವಾದ ಉತ್ತರ. ಮೈಸೂರು ರಾಜ್ಯದ ಎಂಜಿನಿಯರ್ ಒಬ್ಬರದೇ ಕೆಲಸ. ಅವರ ಹೆಸರಿನಲ್ಲಿ ವೃತ್ತ ಎಲ್ಲಿದೆ?

ತೆಲಂಗಾಣದವರು ಈ ಲೆಕ್ಕವನ್ನು ತಮ್ಮ ರೀತಿಯಲ್ಲಿ ಸರಿ ಮಾಡಿಕೊಂಡರು. 1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿಗೆ ರಕ್ಷಣೆಯ ಯೋಜನೆ ಕೊಟ್ಟವರು ಎಂ.ವಿ. ಆದರೂ ಹೊಸ ರಾಜ್ಯವಾದ ಮೇಲೆ ಅಲ್ಲಿ ಎಂಜಿನಿಯರುಗಳ ದಿನವನ್ನು ಜುಲೈ 11ರಂದು ಆಚರಿಸತೊಡಗಿದರು. ಅದು ನಿಜಾಮ್ ಸಾಗರ ಕಟ್ಟಿದ ನವಾಬ್ ಅಲಿ ನವಾಜ್ ಜಂಗ್ ಅವರ ಹುಟ್ಟುಹಬ್ಬ. ನಮ್ಮ ಸೆಪ್ಟೆಂಬರ್ 15ಕ್ಕೆ ಇದರಿಂದ ಏನೂ ಕುಂದಾಗಿಲ್ಲ.

ಕೊನೆಗೆ, ಅವರಿಗೆ ಸಲ್ಲಬೇಕಾದಷ್ಟು ಸಲ್ಲದೇ ಹೋದದ್ದೊಂದಿದೆ. ವಿಚಿತ್ರವೆಂದರೆ ಅದು ಕಾರಿನದೇ ಕಥೆ. ದೇಶಕ್ಕೆ ಸ್ವಂತ ಮೋಟಾರು ಕಾರ್ಖಾನೆ ಬೇಕೆಂದು ಎಂ.ವಿ. ಎಪ್ಪತ್ತು ದಾಟಿದ ಮೇಲೆ ತಲೆಗೆ ಹಚ್ಚಿಕೊಂಡರು. 1935ರಲ್ಲಿ ಯೂರೋಪ್, ಅಮೆರಿಕ ಸುತ್ತಿ ಕಾರ್ಖಾನೆಗಳನ್ನು ನೋಡಿ, ಖರ್ಚುವೆಚ್ಚದ ಯೋಜನೆ ಬರೆದು ಮುಂಬಯಿಯ ಉದ್ಯಮಿಗಳ ಮುಂದಿಟ್ಟರು. ವಾಲ್‌ಚಂದ್ ಹೀರಾಚಂದ್ ಮುಂದೆ ಬಂದರು. ಬೆಂಗಳೂರಿನಲ್ಲಿ ಕಾರ್ಖಾನೆ, ಹೂಡಿಕೆಯ ಬಡ್ಡಿಗೆ ಮೈಸೂರು ಸರ್ಕಾರದ ಖಾತರಿ ಎಂಬವರೆಗೆ ಮಾತು ಬಂತು, ಮಿರ್ಜಾ ಇಸ್ಮಾಯಿಲ್ ಬೆನ್ನಿಗೆ ನಿಂತರು. ಬ್ರಿಟಿಷ್ ಭಾರತ ಸರ್ಕಾರ ಅಡ್ಡ ನಿಂತಿತು. ಕಾರು ಬರಲಿಲ್ಲ, ಅದರ ಬದಲು 1940ರ ಡಿಸೆಂಬರಿನಲ್ಲಿ ಅದೇ ವಾಲ್‌ಚಂದ್, ಅದೇ ಮೈಸೂರು ಸರ್ಕಾರ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುಮಾಡಿದರು. ಇಂದಿನ ಎಚ್‌.ಎ.ಎಲ್. ಅದೇ. ಕಾರಿಗೆ ವಾಲ್‌ಚಂದ್ 1944ರಲ್ಲಿ ಮುಂಬಯಿಯಲ್ಲೇ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಮೊದಲು ಅಮೆರಿಕದ ಡಾಡ್ಜ್, ಆಮೇಲೆ ಇಟಲಿಯ ಫಿಯೆಟ್, ಅದೇ ಕೊನೆಗೆ ಪ್ರೀಮಿಯರ್ ಪದ್ಮಿನಿಯಾಗಿ ನಮ್ಮ ಮದುವೆ ಮನೆಗಳ ಮುಂದೆ ಹೂ ಮುಡಿದು ನಿಂತಿತು.

ಎಂ.ವಿ. ಕಾರಿನ ಮೈಕಟ್ಟು ಬರೆದವರಲ್ಲ, ಬರೆಯುವ ಯೋಚನೆಯೂ ಅವರಿಗಿರಲಿಲ್ಲ. ಅವರ ಯೋಜನೆಯಲ್ಲೂ ಮೊದಲು ವಿದೇಶಿ ತಯಾರಕರ ನೆರವಿನಿಂದಲೇ ಕಾರು ಆಗಬೇಕಿತ್ತು. ಇಲ್ಲಿನವರೇ ರೂಪಿಸಿದ್ದೆಂದು ಹೆಮ್ಮೆಯಿಂದ ಹೇಳಿಕೊಂಡ ಟಾಟಾ ಇಂಡಿಕಾ 1998ರಲ್ಲಿ ರಸ್ತೆಗಿಳಿಯಿತು. ಅದರ ಹೊರರೂಪ ತಿದ್ದಿದ್ದು ಟ್ಯೂರಿನ್ ನಗರದ ಐಡಿಯಾ ಎಂಬ ಸಂಸ್ಥೆ. ಆ ಜಗಳವನ್ನು ಇನ್ನೂ ಯಾರೂ ಸರಿಯಾಗಿ ಶುರುಮಾಡಿಲ್ಲ.